ಕಳುಹಿಸಿದವರು: ಪದ್ಮಯ್ಯ

ಪದ್ಮಯ್ಯನ ಕುತ್ತಿಗೆಗೆ ಉರುಳಾದದ್ದು ಅವನೇ ಕೈಯಾರೆ ಅಂಟಿಸಿದ ನೋಟೀಸು: ‘ಕಳುಹಿಸುವವರ ಹೆಸರಿಲ್ಲದ ಕಾರ್ಡು ಇಲ್ಲಿಂದ ಹೋಗುವುದಿಲ್ಲ. ಹೆಸರಿದ್ದವರೇ ಹೊಣೆ.’

ನಾರಾವಿಯಿಂದ ಒಳಗಿದ್ದ ಆ ಪುಟ್ಟ ಹಳ್ಳಿಗೆ ಹದಿನೆಂಟು ವರ್ಷದಿಂದ ಅವನೇ ಪೋಸ್ಟ್‌ಮಾಸ್ಟರ್. ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ಊರಿಗೆಲ್ಲ ಒಂದು ಪಿಡುಗು ಹಬ್ಬಿತ್ತು. ‘ಇದನ್ನು ಹನ್ನೊಂದು ಮಂದಿಗೆ ಬರೆದು ಕಳುಹಿಸಿ, ಇಲ್ಲದಿದ್ದರೆ ನಿಮ್ಮ ಮನೆ ಹಾಳಾದೀತು’ ಎಂಬ ಹೆಸರಿಲ್ಲದ ಕಾರ್ಡು. ಒಂದು ಬಂದರೆ ಹನ್ನೊಂದು ಹೋಗುತ್ತಿತ್ತು. ಪೋಸ್ಟ್‌ಮ್ಯಾನ್ ತುಕ್ರಪ್ಪನ ಚೀಲ ಬಸುರಿ ಎಮ್ಮೆಯ ಹಾಗೆ ಊದಿತ್ತು. ಹೆಸರು ಬರೆಯಬೇಕೆಂದರೆ ಜನ ನಾಚಿಕೊಂಡಾರು ಎಂದು ಪದ್ಮಯ್ಯ ನಂಬಿದ, ಪಾಪ.

ನೋಟೀಸು ಹಾಕಿದ ಎಂಟನೆಯ ದಿನ ಬೆಳಿಗ್ಗೆ ನೆರೆಮನೆಯ ಸಫಿಯಮ್ಮ ಮಗಳಿಗೆ ಬಂದ ಕಾರ್ಡೊಂದನ್ನು ಬೀಸುತ್ತ ನುಗ್ಗಿದಳು.

“ಎಂತ ಮಾಸ್ಟ್ರೇ, ನನ್ನ ಮಗಳ ಮನೆ ಹಾಳಾಗ್ಬೇಕಾ ನಿಮಗೆ?”

ಕಾರ್ಡಿನ ಕೆಳಗೆ ‘ಕಳುಹಿಸಿದವರು: ಪದ್ಮಯ್ಯ, ಪೋಸ್ಟ್‌ಮಾಸ್ಟರ್’ ಎಂದಿತ್ತು.

“ಅಯ್ಯೋ, ಇದು ನಾನಲ್ಲ ಸಫಿಯಮ್ಮ!”

“ಹೆಸರಿದ್ದವರೇ ಹೊಣೆ ಅಂತ ನೀವೇ ಬರ್ದದ್ದಲ್ವಾ?”

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಶಿರ್ತಾಡಿಯಿಂದ ಚಿನ್ನಯ್ಯ ಅಂಥವೇ ಮೂರು ಕಾರ್ಡು ಹಿಡಿದು ಬಂದು ಬೈದು ಹೋದ. ಮಧ್ಯಾಹ್ನ ತುಕ್ರಪ್ಪ ಒಂದು ರಾಶಿಯನ್ನೇ ಮೇಜಿಗೆ ಸುರಿದ.

“ವಿಳಾಸದವರು ಸಿಗ್ಲಿಲ್ಲ. ನಿಮ್ಮ ಹೆಸರು ಉಂಟಲ್ಲ, ಎಲ್ಲ ನಿಮಗೇ ವಾಪಸು. ಮತ್ತೆ, ಮೂರು ಗಂಟೆ ಬಸ್ಸಿಗೆ ಇನ್ಸ್‌ಪೆಕ್ಟರು ಬರ್ತಾರಂತೆ.”

ಪದ್ಮಯ್ಯ ಊಟದ ಬುತ್ತಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟ. ಕೆಲಸ ಹೋದರೆ ಊರಲ್ಲಿ ಮುಖವೆತ್ತಿ ನಡೆಯುವುದು ಹೇಗೆಂದು ನಿಜಕ್ಕೂ ಹೆದರಿದ.

ಇನ್ಸ್‌ಪೆಕ್ಟರ್ ನಾರಾಯಣಮೂರ್ತಿ ಬಂದವರೇ ದೂರಿನೊಂದಿಗೆ ಬಂದಿದ್ದ ಕಾರ್ಡುಗಳನ್ನು ಹರಡಿದರು.

“ನಲವತ್ತು ದೂರು. ನಿಮ್ಮನ್ನು ತೆಗೀಲಿಕ್ಕೆ ಇಷ್ಟು ಸಾಕು.”

“ಹೆಸರು ಬರೀರಿ ಅಂದೆ ಸಾರ್, ಸ್ವಂತದ್ದು ಅಂತ ಹೇಳ್ಲಿಕ್ಕೆ ಬಿಟ್ಟುಹೋಯ್ತು. ಹಾಕುವವನ ಮುಖ ಡಬ್ಬಿಗೆ ಎಲ್ಲಿ ಕಾಣ್ತದೆ?”

“ಮುಖ ನೋಡ್ಲಿಕ್ಕೆ ಜನ ಕೂರಿಸಿದ್ರೆ ಕಾಗದ ಹಾಕ್ಲಿಕ್ಕೇ ಯಾರೂ ಬರುವುದಿಲ್ಲ ಮಾರಾಯ್ರೆ.”

ಕಿಟಕಿಯಲ್ಲಿ ಅರ್ಧ ಊರೇ ಇಣುಕುತ್ತಿತ್ತು. ಆಗ ಪದ್ಮಯ್ಯನಿಗೆ ತಟ್ಟನೆ ಹೊಳೆಯಿತು.

“ಅಕ್ಷರ ನೋಡಿ ಸಾರ್! ನನ್ನ ಅಕ್ಷರದ್ದು ಒಂದೇ ಒಂದು ಸಿಕ್ಕಿದ್ರೂ ಬೀಗದ ಕೈ ಇಲ್ಲೇ ಇಟ್ಟು ಹೋಗ್ತೇನೆ.”

ಇನ್ಸ್‌ಪೆಕ್ಟರು ಅವನಿಂದ ನಾಲ್ಕು ಸಾಲು ಬರೆಸಿ, ನಲವತ್ತನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿದರು.

“ನಿಜ. ಒಂದೂ ನಿಮ್ಮದಲ್ಲ.”

ಪದ್ಮಯ್ಯನಿಗೆ ಹೋದ ಜೀವ ಬಂತು. ಕಿಟಕಿಯಲ್ಲಿದ್ದ ಸಫಿಯಮ್ಮನೂ ಪಾಪ ಎಂದು ಲೊಚಗುಟ್ಟಿದಳು.

ಇನ್ಸ್‌ಪೆಕ್ಟರು ಜೇಬಿನಿಂದ ಇನ್ನೊಂದು ಕಾರ್ಡು ತೆಗೆದರು.

“ಇದು ನಿಮ್ಮ ನೋಟೀಸಿಗಿಂತ ಮೊದಲಿನದ್ದು, ನಮ್ಮ ಮನೆಗೇ ಬಂದದ್ದು. ಇದರಲ್ಲಿ ಹೆಸರೇ ಇಲ್ಲ.”

ಅವರು ಅದನ್ನು ಆಗಷ್ಟೇ ಬರೆಸಿದ ಸಾಲುಗಳ ಪಕ್ಕಕ್ಕಿಟ್ಟರು. ಎರಡರ ಅಕ್ಷರವೂ ಒಂದೇ ಎಂದು ಕಿಟಕಿಯಲ್ಲಿದ್ದವರಿಗೂ ಗೊತ್ತಾಯಿತು. ಪದ್ಮಯ್ಯ ಬೀಗದ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ನನಗೂ ಒಂದು ಬಂದಿತ್ತು ಸಾರ್. ಹತ್ತು ಮಂದಿಯ ವಿಳಾಸ ಹೇಗೋ ಸಿಕ್ಕಿತು. ಹನ್ನೊಂದನೆಯದ್ದಕ್ಕೆ ನಿಮ್ಮದು ಮಾತ್ರ ಬಾಯಿಪಾಠ ಇದ್ದದ್ದು.”