ಕುಕಿ ಅಳಿಸಿ ಕಲಿತ ಇಂಗ್ಲಿಷ್

ನಾಚಿಕೆ ಇರುವವರು ಯಾರ ಗುರುತಿಗೂ ಸಿಗಬಾರದು ಎಂದೇ ಬದುಕುತ್ತಾರೆ. ಮಕ್ಕಳೇ, ನಿಮ್ಮ ತಾತ ಇರುವವರೆಗೆ ನಾನು ಅವರ ಬೆನ್ನ ಹಿಂದೆ ನಿಂತೇ ಮಾತಾಡಿದವಳು. ಅವರು ಹೋದ ಮೇಲೆ ಫೋನಿನ ಹಿಂದೆ ನಿಂತೆ. ಅದೂ ಕೈಕೊಟ್ಟಿತು. ಒಮ್ಮೆ ಮಂಡಿನೋವಿನ ಎಣ್ಣೆ ಹುಡುಕಿದ್ದಕ್ಕೆ, ಹೊಂಗನೂರಿನ ಬಸ್ಸಿನಲ್ಲಿ ಪಕ್ಕದವರು ಇಣುಕುವ ಹೊತ್ತಿಗೆ ಸರಿಯಾಗಿ ಎಣ್ಣೆಯ ಜಾಹೀರಾತು ತೆರೆದುಕೊಳ್ಳುತ್ತಿತ್ತು.

ನಿಮ್ಮಲ್ಲಿ ಹಿರಿಯವಳಾದ ಸಿಂಚನಾ ಗುಟ್ಟು ಕಾಯುವ ಬ್ರೌಸರ್ ಒಂದನ್ನು ಹಾಕಿಕೊಟ್ಟಳು. ಜಾಲತಾಣಗಳು ನಮ್ಮ ಗುರುತಿಗೆಂದು ಫೋನಿನಲ್ಲಿ ಇಟ್ಟುಹೋಗುವ ಚೀಟಿಗೆ ಕುಕಿ ಎನ್ನುತ್ತಾರಂತೆ. ಯಾವುದು ಇರಲಿ, ಯಾವುದು ಹೋಗಲಿ ಎಂದು ಸೆಟ್ಟಿಂಗ್ಸ್ ಕೇಳಿತು. ನನ್ನದು ರೇಷ್ಮೆ ಹುಳ ಸಾಕಿದ ಕೈ. ಒಂದು ಬೆಳೆ ಮುಗಿದರೆ ಹುಳದ ಮನೆಯ ತಟ್ಟೆ, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕು; ಒಂದು ಮೂಲೆ ಬಿಟ್ಟರೂ ಮುಂದಿನ ಬೆಳೆಗೆ ರೋಗ. ಅದೇ ಅಭ್ಯಾಸದಲ್ಲಿ, ಮುಚ್ಚಿದಾಗಲೆಲ್ಲ ಎಲ್ಲವನ್ನೂ ಅಳಿಸು ಎಂದು ಒತ್ತಿಬಿಟ್ಟೆ.

ಆಗ ನಾನು ಯಾರಿಗೂ ಹೇಳದೆ ಫೋನಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೆ. ಚನ್ನಪಟ್ಟಣದಲ್ಲಿ ಸಿಂಚನಾಳ ಶಾಲೆಯ ಪೋಷಕರ ಸಭೆ ಹತ್ತಿರವಿತ್ತು. ಅವಳಮ್ಮ, ಅಂದರೆ ನನ್ನ ಮಗಳು, ಎಂಥವರನ್ನೂ ಮಾತಿನಲ್ಲಿ ಗೆಲ್ಲುವವಳು, ಆದರೆ ಗಾರ್ಮೆಂಟ್ಸ್‌ನಲ್ಲಿ ರಜೆ ಕೊಡುವುದಿಲ್ಲ, ನಾನೇ ಹೋಗಬೇಕು. ಹಿಂದಿನ ಸಲ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ತಲೆ ತಗ್ಗಿಸಿ ನಿಂತಿದ್ದೆ. ಪಕ್ಕದಲ್ಲಿ ಸಿಂಚನಾ ಕೂಡ ತಲೆ ತಗ್ಗಿಸಿದ್ದಳು. ಇನ್ನೊಮ್ಮೆ ಅವಳಿಗೆ ಹಾಗಾಗಬಾರದಿತ್ತು. ಟೀಚರ್ ಜೊತೆ ಮಾತಾಡುವುದು ಆರನೆಯ ಪಾಠ. ಆದರೆ ದಿನಕ್ಕೊಂದು ಪಾಠದ ಆ ತಾಣ, ತೆರೆದಾಗಲೆಲ್ಲ ನೀವು ಹೊಸಬರೇ ಎಂದು ಕೇಳಿ ನನ್ನನ್ನು ಮೊದಲನೆಯದಕ್ಕೇ ಕೂರಿಸುತ್ತಿತ್ತು. ಒಂಬತ್ತು ದಿನ ಬರೀ ನನ್ನ ಹೆಸರು ಹೇಳಿದೆ.

ಸಭೆಗೆ ಆರು ದಿನ ಉಳಿದಾಗ ನಾಚಿಕೆ ಬಿಟ್ಟು ಸಿಂಚನಾಳಿಗೇ ತೋರಿಸಿದೆ.

"ಎಲ್ಲಾ ಕುಕೀನೂ ಅಳಿಸ್ಬುಟ್ಟಿದ್ದೀಯಲ್ಲಜ್ಜಿ. ನೀನ್ಯಾರು ಅಂತ ಅದ್ಕೆ ಹೆಂಗೆ ಗೊತ್ತಾಗ್ಬೇಕು?"

"ಹುಳದ ಮನೆ ತೊಳ್ದಂಗೆ ತೊಳ್ದೆ ಕಣವ್ವ."

"ಸರಿ, ಹುಳಾನೂ ಸೇರ್ಸಿ ತೊಳ್ದಿದ್ದೀಯ."

ಆ ಒಂದು ತಾಣದ ಕುಕಿ ಮಾತ್ರ ಉಳಿಯುವಂತೆ ಮಾಡಿಕೊಟ್ಟಳು. ಮಾರನೆಯ ದಿನ ತೆರೆದರೆ ತಾಣ ನನ್ನನ್ನು ಹೆಸರು ಹಿಡಿದು ಕರೆದು ಎರಡನೆಯ ಪಾಠ ಕೊಟ್ಟಿತು. ಗುರುತು ಸಿಗುವುದರಲ್ಲೂ ಒಂದು ಹಿತವಿದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಸಭೆಯ ಹಿಂದಿನ ದಿನ ಆರನೆಯದು ಮುಗಿಯಿತು.

ಮೇಡಂ ಈ ಸಲ ಕನ್ನಡದಲ್ಲೇ ಶುರುಮಾಡಿದರು. "ಅಜ್ಜಿ, ಸಿಂಚನಾ ಕ್ಲಾಸಲ್ಲಿ ಬಾಯೇ ಬಿಡಲ್ಲ. ಮನೇಲಿ ಯಾರ ಥರ ಇವ್ಳು?"

ಸಿಂಚನಾ ನನ್ನ ಮುಖ ನೋಡಿದಳು. ಆರು ಪಾಠಗಳ ಧೈರ್ಯವನ್ನೆಲ್ಲ ಒಟ್ಟುಮಾಡಿ, ತಲೆ ಎತ್ತಿ, ಇಂಗ್ಲಿಷಿನಲ್ಲೇ ಹೇಳಿದೆ: "ಲೈಕ್ ಹರ್ ಮದರ್, ಮೇಡಂ."

ಮಗಳಿಗೆ ಅಂದು ರಜೆ ಸಿಗದಿದ್ದದ್ದೇ ಒಳ್ಳೆಯದಾಯಿತು.