ಉಪಚಾರ ಬಾರದ ಅಳಿಯ

ನನಗೆ ತೀರ ಕಷ್ಟವಾದ ಕೆಲಸ ಯಾವುದೆಂದು ಕೇಳಿದರೆ, ಸಂಜೆ ಹೊತ್ತು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಗಾಡಿ ಓಡಿಸುವುದು ಎಂದು ನೀವು ಊಹಿಸಬಹುದು. ಅಲ್ಲ. ಅಲ್ಲಿ ಗಾಡಿ ಓಡುವುದೇ ಇಲ್ಲವಾದ್ದರಿಂದ ಓಡಿಸುವ ಕಷ್ಟವೂ ಇಲ್ಲ. ನನಗೆ ಕಷ್ಟದ ಕೆಲಸವೆಂದರೆ ಮನೆಗೆ ಬಂದವರಿಗೆ ಬಡಿಸುವುದು. ಅಡುಗೆ ಮಾಡುವುದಲ್ಲ, ಬಡಿಸುವುದು. ಅಡುಗೆ ನಾನು ಚೆನ್ನಾಗಿಯೇ ಮಾಡುತ್ತೇನೆ. ರಾಗಿಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಹಾಕುವವನಾದ್ದರಿಂದ ನನ್ನ ಮುದ್ದೆ ಇವತ್ತು ಹೇಗಿತ್ತೋ ನಾಳೆಯೂ ಹಾಗೆಯೇ ಇರುತ್ತದೆ. ತೊಂದರೆಯೆಲ್ಲ ತಟ್ಟೆ ಇಟ್ಟ ಮೇಲೆ ಶುರು. "ಇನ್ ಸ್ವಲ್ಪ ಹಾಕ್ಲಾ?" ಎಂದು ಕೇಳುತ್ತೇನೆ. ಅವರು "ಬೇಡ ಬೇಡ" ಎನ್ನುತ್ತಾರೆ. ನಾನು ಪಾತ್ರೆಗೆ ಮುಚ್ಚಳ ಮುಚ್ಚಿ ಅಡುಗೆಮನೆಗೆ ತೆಗೆದುಕೊಂಡು ಹೋಗುತ್ತೇನೆ. ಇಷ್ಟು ಸರಳವಾದ ವ್ಯವಹಾರಕ್ಕೆ ನಮ್ಮ ಬಂಧುಬಳಗದಲ್ಲಿ ನನಗೆ ಸಿಕ್ಕಿರುವ ಹೆಸರು ಜಿಪುಣ.

ಈ ಹೆಸರು ತಪ್ಪು ಎನ್ನುವುದು ನಲವತ್ತು ದಾಟಿದ ಮೇಲೆ ಗೊತ್ತಾಯಿತು. ನನ್ನ ಹೆಂಡತಿ ಸುಮಾ ಒಂದು ದಿನ ನನ್ನನ್ನು ಆರ್.ಟಿ. ನಗರದ ಡಾಕ್ಟರಮ್ಮ ಒಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಬಹಳ ಹೊತ್ತು ಪ್ರಶ್ನೆ ಕೇಳಿ, ನಿಮಗಿರುವುದು ಆಸ್ಪರ್ಜರ್ ಸಿಂಡ್ರೋಮ್, ಈಗೀಗ ಅದನ್ನೂ ಆಟಿಸಂ ಅಂತಲೇ ಕರೆಯುತ್ತಾರೆ, ಕಾಯಿಲೆ ಏನಲ್ಲ, ನಿಮ್ಮ ಮಿದುಳಿನ ರೀತಿಯೇ ಹಾಗೆ ಎಂದರು. "ಜನ ಬಾಯಿ ಬಿಟ್ಟು ಹೇಳದೆ ಇರೋದು ನಿಮಗೆ ಕೇಳಿಸೋದಿಲ್ಲ, ಅಷ್ಟೇ." ಹೇಳದೆ ಇರುವುದು ಉಳಿದವರಿಗೆಲ್ಲ ಕೇಳಿಸುತ್ತದೆ ಎಂಬ ಸುದ್ದಿಯೇ ನನಗೆ ಆವತ್ತು ಹೊಸದು. ವಾಪಸು ಬರುವಾಗ ಆಟೋದಲ್ಲಿ ಸುಮಾ ಸ್ವಲ್ಪ ಅತ್ತಳು, ಆಮೇಲೆ ನಕ್ಕಳು. "ಹಾಗಾದ್ರೆ ಮದುವೆಯಾದ ಹೊಸದ್ರಲ್ಲಿ ನಾನು ಮುನಿಸ್ಕೊಂಡಿದ್ದೆಲ್ಲ ದಂಡವಾಯ್ತಲ್ರೀ!" ಎಂದಳು. "ಯಾವಾಗ ಮುನಿಸ್ಕೊಂಡಿದ್ದೆ?" ಎಂದು ಕೇಳಿದೆ. ಅವಳು ಮತ್ತೆ ಅತ್ತಳು.

ನಾನು ಯಲಹಂಕದ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವವನು. ಸರಿಯಿದ್ದರೆ ಈ ಡಬ್ಬಿ, ಇಲ್ಲದಿದ್ದರೆ ಆ ಡಬ್ಬಿ. ಇಷ್ಟು ವರ್ಷಗಳಲ್ಲಿ ಒಂದು ಬೋಲ್ಟೂ "ಸುಮ್ನೆ ಹಾಗಂದೆ ಗುರು" ಎಂದು ನನ್ನನ್ನು ಪೇಚಿಗೆ ಸಿಕ್ಕಿಸಿಲ್ಲ. ಮನುಷ್ಯರು ಹಾಗಲ್ಲ. ನಾವು ಕೆಂಪಾಪುರದ ಈಗಿನ ಮನೆಗೆ ಬಂದ ಹೊಸದರಲ್ಲಿ ಎದುರುಮನೆಯವರು "ಬನ್ನಿ ಸಾರ್ ಒಂದ್ಸಲ ಮನೆಗೆ" ಎಂದರು. ಆ ಭಾನುವಾರ ಬೆಳಿಗ್ಗೆಯೇ ಹೋದೆ. ಅವರು ತಲೆಗೆ ಎಣ್ಣೆ ಹಚ್ಚಿಕೊಂಡು ಟವೆಲ್ಲಿನಲ್ಲಿ ಕೂತಿದ್ದರು. ಕರೆದಿದ್ದರಲ್ಲ ಎಂದು ನಾನೂ ಪಕ್ಕದಲ್ಲಿ ಕೂತೆ. ಎಣ್ಣೆ ಇಳಿದು ಅವರ ಕಣ್ಣಿಗೆ ಹೋಗುವವರೆಗೆ ಮಾತಾಡಿದೆವು. ಆಮೇಲೆ ಅವರು ಯಾವತ್ತೂ ನನ್ನನ್ನು ಕರೆಯಲಿಲ್ಲ.

ಇಂಥ ನನ್ನ ಕೈಗೆ ಸುಮಾ ತನ್ನ ಅಪ್ಪನನ್ನು ಒಪ್ಪಿಸಿ ಹೋಗುವ ಸಂದರ್ಭ ಬಂತು. ನನ್ನ ಮಾವ ಹುಣಸಮಾರನಹಳ್ಳಿಯವರು. ಅವರಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಅವರ ಮನೆಯಲ್ಲಿ ಮಹಡಿ ಕಟ್ಟಿಸುತ್ತಿದ್ದುದರಿಂದ ಸಿಮೆಂಟಿನ ಧೂಳು. ಹಾಗಾಗಿ ನಮ್ಮಲ್ಲಿ ಕೆಲವು ದಿನ ಇರಲಿ ಎಂದು ಸುಮಾ ಕರೆದುಕೊಂಡು ಬಂದಳು. ಬಂದ ಮಾರನೆಯ ದಿನವೇ, ಟೀಚರಾದ ಅವಳಿಗೆ ಧಾರವಾಡದಲ್ಲಿ ಒಂದು ವಾರದ ತರಬೇತಿ ಬಿತ್ತು. ಅವಳ ತಮ್ಮ ಮಂಜು ಫೋನಿನಲ್ಲೇ ಕೂಗಾಡಿದ. "ಅಕ್ಕಾ, ಭಾವನ್ ಕೈಲಿ ಅಪ್ಪನ್ನ ಬಿಟ್ಟು ಹೋಗ್ತೀಯಾ? ಅವರಿಗೆ ಒಂದ್ ತುತ್ತು ಬಲವಂತ ಮಾಡೋಕೆ ಬರಲ್ಲ. ಅಪ್ಪ ಒಂದ್ ವಾರದಲ್ಲಿ ಇಳ್ದೋಗ್ತಾರೆ ನೋಡ್ತಿರು." ಮೊದಲೇ ಅವನಿಗೆ ಅಪ್ಪ ಮಗಳ ಮನೆಯಲ್ಲಿ ಉಳಿಯುವುದು ಇಷ್ಟವಿಲ್ಲ, ಊರಿನವರು ಏನಂದುಕೊಳ್ಳುತ್ತಾರೆ ಎಂಬ ಚಿಂತೆ. ಸುಮಾಗೋ, ಅಮ್ಮ ಹೋದ ಮೇಲೆ ಅಪ್ಪ ವರ್ಷಕ್ಕೆ ಒಂದೆರಡು ತಿಂಗಳಾದರೂ ತನ್ನ ಹತ್ತಿರ ಇರಲಿ ಎಂಬ ಆಸೆ. ರೇಗಿಕೊಂಡು, "ನಮ್ಮೆಜಮಾನ್ರು ನೋಡ್ಕೋತಾರೆ ಕಣೋ. ನೀನೇ ಬಂದು ನೋಡು. ಅಪ್ಪ ಸೊರಗಿದ್ರೆ ಇನ್ಮೇಲೆ ನಮ್ಮನೇಲಿ ಇರ್ಲಿ ಅನ್ನೋ ಮಾತೇ ಎತ್ತಲ್ಲ" ಎಂದುಬಿಟ್ಟಳು. ಫೋನಿಟ್ಟು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿದ್ದದ್ದು ಭಯ ಎಂದು ನನಗೂ ಗೊತ್ತಾಯಿತು, ಯಾಕೆಂದರೆ ಅವಳೇ "ನಂಗೆ ಭಯ ಆಗ್ತಿದೆ ಕಣ್ರೀ" ಎಂದಳು.

ಕಣ್ಣಿಗೆ ಡ್ರಾಪ್ಸ್ ಹಾಕುವ ವಿಷಯದಲ್ಲಿ ನನ್ನಂಥ ಅಳಿಯ ಸಿಗುವುದಿಲ್ಲ. ಕಾರ್ಖಾನೆಗೆ ಒಂದು ವಾರ ರಜೆ ಹಾಕಿದ್ದೆ. ಅಲಾರಂ ಹೊಡೆಯಿತೋ, ನಾನು ಬಾಟಲಿ ಹಿಡಿದು ನಿಂತಿರುತ್ತಿದ್ದೆ. ಮಾವನೇ "ಆಸ್ಪತ್ರೆ ನರ್ಸಮ್ಮ ಇಂಗೆ ಆಕ್ತಿರಲಿಲ್ಲ ಕಣಳಿಯಂದ್ರೆ" ಎಂದು ಮೆಚ್ಚಿದರು. ಎಡವಟ್ಟಾದದ್ದು ಊಟದಲ್ಲಿ. ಮೊದಲ ಮಧ್ಯಾಹ್ನ ಒಂದು ಮುದ್ದೆ ಮುಗಿಸಿದರು. "ಇನ್ನೊಂದು ಹಾಕ್ಲಾ ಮಾವ?" ಎಂದೆ. "ಅಯ್ಯೋ ಬ್ಯಾಡಪ್ಪ, ಒಟ್ಟೆ ತುಂಬೋಯ್ತು" ಎಂದರು. ಮುಚ್ಚಳ ಮುಚ್ಚಿದೆ. ರಾತ್ರಿಯೂ ಹಾಗೆಯೇ ಆಯಿತು. ಮಾರನೆಯ ಬೆಳಿಗ್ಗೆ "ತಿಂಡಿ ಮಾಡ್ಲಾ?" ಎಂದರೆ "ಈಗ್ಲೇ ಯಾಕೆ, ಅಸಿವೇ ಇಲ್ಲ" ಎಂದರು. ನಾನು ಮಾಡಲಿಲ್ಲ. ಆಪರೇಶನ್ ಆದವರಿಗೆ ಹಸಿವು ಕಡಿಮೆ ಇರಬಹುದು ಎಂದುಕೊಂಡೆ. ಅವರು ಬೆಳಿಗ್ಗೆ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು "ಒಸಿ ಓಡಾಡ್ಕಂಡು ಬತ್ತೀನಿ" ಎಂದು ಹೊರಗೆ ಹೋಗುವರು, ಬಹಳ ಪ್ರಸನ್ನರಾಗಿ ಬರುವರು. ಕೆಂಪಾಪುರದ ಗಾಳಿ ಹಿಡಿಸಿದೆ ಎಂದು ಸುಮಾಗೆ ಫೋನಿನಲ್ಲಿ ವರದಿ ಕೊಟ್ಟೆ. ಕೆಂಪಾಪುರದ ಗಾಳಿಯನ್ನು ಬಲ್ಲವಳಾದ್ದರಿಂದ ಅವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ದರ್ಶಿನಿ ಇದೆ. ನನಗೆ ಈ ಊರಿನಲ್ಲಿ ಅತ್ಯಂತ ನೆಮ್ಮದಿಯ ಜಾಗ ಅದು. ಟೋಕನ್ ತಗೊಂಡು, ಅದಕ್ಕೆ ಕೊಟ್ಟಷ್ಟನ್ನು ನಿಂತುಕೊಂಡು ತಿಂದು, ತಟ್ಟೆ ಇಟ್ಟು ಬರಬೇಕು. ಯಾರೂ "ಇನ್ನೊಂದು ಇಡ್ಲಿ, ನನ್ನಾಣೆ" ಎನ್ನುವುದಿಲ್ಲ. ಒಂದು ಸಂಜೆ ಕಾಫಿಗೆಂದು ಹೋದರೆ, ಕಂಬದ ಹಿಂದಿನ ಮೇಜಿನಲ್ಲಿ ಕಪ್ಪು ಕನ್ನಡಕದ ಮಾವ ಚೌಚೌ ಬಾತ್ ಮುಗಿಸಿ, ಸಾಂಬಾರಿನಲ್ಲಿ ಮುಳುಗಿದ ಎರಡು ವಡೆಗಳ ಮುಂದೆ ನಿಂತಿದ್ದರು. ಬೇರೆ ಯಾವ ಅಳಿಯನಾದರೂ ನೋಡದವನಂತೆ ತಿರುಗಿ ಹೋಗುತ್ತಿದ್ದನಂತೆ, ಇದನ್ನು ಆಮೇಲೆ ಸುಮಾ ಹೇಳಿದಳು. ನಾನು ನೇರ ಹೋಗಿ, "ಮಾವ, ಹಸಿವಿಲ್ಲ ಅಂದಿದ್ರಲ್ಲ?" ಎಂದೆ.

ಮಾವ ವಡೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು. "ಅಲ್ಲಾ ಅಳಿಯಂದ್ರೆ, ಮಗಳು ಕೊಟ್ಟ ಮನೇಲಿ ಕೇಳಿದ ಏಟ್ಗೇ ಊಂ ಆಕಿ ಅನ್ನಕ್ಕಾಯ್ತದಾ? ಬ್ಯಾಡ ಅನ್ಬೇಕು, ನೀವು ಇನ್ನೊಂದ್ಸಲ ಕೇಳ್ಬೇಕು, ನಾನು ತಟ್ಟೆ ಮ್ಯಾಲೆ ಕೈ ಅಡ್ಡ ಇಡ್ಬೇಕು, ನೀವು ಕೈ ಸರಿಸಿ ಆಕ್ಬೇಕು. ಇದು ನಡ್ಕಂಡು ಬಂದಿರೋದು. ನೀವು ನೋಡಿದ್ರೆ ಬ್ಯಾಡ ಅನ್ನೋದ್ರೊಳಗೆ ಮುಚ್ಚಳನೇ ಮುಚ್ಬಿಡ್ತೀರಿ!" ಕಣ್ಣು ಕೊಯ್ಯಿಸಿಕೊಂಡ ಹಿರಿಯರು ನನ್ನ ಮನೆಯಲ್ಲಿ ಹಸಿದುಕೊಂಡು ಮಲಗಿದ್ದರಲ್ಲ ಎಂದು ನನಗೆ ನಾಚಿಕೆಯಾಯಿತು. ಅಲ್ಲೇ ನಿಂತು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ವಡೆ ಮುಗಿಯುವವರೆಗೆ ಕೇಳಿಸಿಕೊಂಡರು. "ಅಂದ್ರೆ, ಬೇಕು ಅಂದ್ರೆ ಬೇಕು, ಬ್ಯಾಡ ಅಂದ್ರೆ ಬ್ಯಾಡ. ಅಷ್ಟೇ ತಾನೆ?" ಎಂದರು. ಹೌದು ಎಂದೆ. "ಇದ್ಕೆ ಡಾಕ್ಟ್ರ ತಾವ ಯಾಕೋದ್ರಿ?" ಎಂದು ಒಂದು ಕಾಫಿಯನ್ನು ಇಬ್ಬರಿಗೂ ಬೈಟು ಹೇಳಿದರು.

ಆವತ್ತು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು: ಬೇಕಾದ್ದನ್ನು ಅವರು ಬಾಯಿಬಿಟ್ಟು ಕೇಳುವುದು, ಬೇಡ ಎಂದರೆ ನಾನು ಬಿಡುವುದು. ರಾತ್ರಿ ಊಟಕ್ಕೆ ಕೂತಾಗ, ಮೊದಲ ಮುದ್ದೆ ಮುಗಿದ ಮೇಲೆ, ಮಾವ ಎಡಕ್ಕೆ ಬಲಕ್ಕೆ ನೋಡಿ, ಮದುವಣಗಿತ್ತಿಯಂತೆ ತಲೆ ತಗ್ಗಿಸಿ, "ಇನ್ನೊಂದ್ ಆಕಿ" ಎಂದರು. ಹಾಕಿದೆ. ಎರಡು ದಿನದಲ್ಲಿ ಅವರಿಗೆ ಅದು ಎಷ್ಟು ರುಚಿಸಿತೆಂದರೆ, "ಸಾರು ಸಾಲದು", "ಈರುಳ್ಳಿ ಕೊಡಿ", "ಸಾಕು, ಇನ್ನು ಬ್ಯಾಡ" ಎಂದು ಹೋಟೆಲಿನಲ್ಲಿ ಹೇಳುವಂತೆ ಹೇಳತೊಡಗಿದರು. "ನನ್ ಜೀವಮಾನದಾಗೆ ಬ್ಯಾಡ ಅಂದಿದ್ದಕ್ಕೆ ಯಾರೂ ಬಿಟ್ಟಿರಲಿಲ್ಲ ಕಣಪ್ಪ. ನಂಟ್ರ ಮನೇಲಿ ತಿಂದೂ ತಿಂದೂ ಒಟ್ಟೆ ಕೆಟ್ಟೋಗೈತೆ" ಎಂದರು. ನನ್ನ ಸ್ವಭಾವದಿಂದ ಇನ್ನೊಬ್ಬರಿಗೆ ಸುಖವಾದದ್ದು ನನಗೆ ತಿಳಿದಂತೆ ಅದೇ ಮೊದಲು. ಬಹಳ ಸಂತೋಷವಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಸುಮಾಗೆ ಫೋನ್ ಮಾಡಿ, ಬಲವಂತ ಮಾಡುವ ಕ್ರಮವೇನು, ಎಷ್ಟು ಸಲ ಕೇಳಬೇಕು ಎಂದು ವಿಚಾರಿಸಿದೆ. ಅವಳಿಗೆ ಎಲ್ಲ ಅರ್ಥವಾಗಿಹೋಯಿತು. "ಅಯ್ಯೋ ದೇವರೇ, ಅಪ್ಪ ಉಪವಾಸ ಇದ್ರಾ?" ಎಂದಳು. ಈಗಿಲ್ಲ ಎಂದೆ. "ಕೇಳೋಕೇ ಹೋಗ್ಬೇಡಿ, ಬಡಿಸ್ಬಿಡಿ. ಮಂಜು ಬರೋ ದಿನ ಅವನೆದುರಿಗೆ ನೀವು ಅಪ್ಪಂಗೆ ಒಂದೇ ಒಂದ್ಸಲ ಬಲವಂತ ಮಾಡಿ ಬಡಿಸ್ರೀ. ನನ್ನ ಮಾನ ಉಳಿಸಿ." ಆಗಲಿ ಎಂದು ಮಾತು ಕೊಟ್ಟೆ. ಹೀಗೆ ಒಬ್ಬನೇ ಮನುಷ್ಯ ಅಪ್ಪನಿಗೊಂದು ಮಗಳಿಗೊಂದು ಮಾತು ಕೊಟ್ಟು ಕೂತ.

ಸುಮಾ ಬಂದಳು. ಮರುದಿನ ಅಪ್ಪನನ್ನು ಕರೆದುಕೊಂಡು ಹೋಗಲು ಮಂಜು ಕಾರು ತಂದ. ಹಿದುಕಿದ ಅವರೆಬೇಳೆ ಸಾರು, ಮುದ್ದೆ. ಮಂಜು ಬಂದವನೇ ಅಪ್ಪನ ಕುತ್ತಿಗೆ, ತೋಳುಗಳನ್ನೆಲ್ಲ ಸಂತೆಯಲ್ಲಿ ಹೋರಿ ನೋಡುವವನ ಹಾಗೆ ನೋಡಿದ. ಎಲ್ಲರೂ ಊಟಕ್ಕೆ ಕೂತರು, ಬಡಿಸುವ ಕೆಲಸ ನನ್ನದು. ಮಾವ ಎರಡು ಮುದ್ದೆ ಮುಗಿಸಿ, ನಿಜವಾಗಿಯೂ ತೇಗಿದರು. ನಾನು "ಇನ್ನೊಂದು ಮಾವ?" ಎಂದೆ. ಅವರು ನಿಶ್ಚಿಂತೆಯಿಂದ, ಕೈ ಕೂಡ ಅಡ್ಡ ಇಡದೆ, "ಬ್ಯಾಡ" ಎಂದರು. ಮಂಜು ನನ್ನನ್ನೇ ನೋಡುತ್ತಿದ್ದ. ಸುಮಾ ಕಣ್ಣಲ್ಲಿ ಏನೋ ಹೇಳಿದಳು. ನನಗೆ ಆ ಭಾಷೆ ಬಾರದೆಂದು ನೆನಪಾಗಿ ಮೊಣಕೈಯಲ್ಲಿ ತಿವಿದಳು. ನಾನು ಕಣ್ಣು ಮುಚ್ಚಿಕೊಂಡು, "ಛೆ ಛೆ, ಎಲ್ಲಾದ್ರೂ ಉಂಟೇ! ನನ್ನಾಣೆ!" ಎಂದು ಕೂಗಿ, ಇದ್ದುದರಲ್ಲಿ ದೊಡ್ಡ ಮುದ್ದೆಯನ್ನು ಅವರ ತಟ್ಟೆಗೆ ಹಾಕಿ, ಮೇಲೆ ಎರಡು ಸೌಟು ಸಾರು ಸುರಿದೆ.

ಮಾವ ಆ ಮುದ್ದೆಯನ್ನು ನೋಡಿದರು. ರಾಗಿ ಬೆಳೆದ ಮನುಷ್ಯ, ತಟ್ಟೆಯಲ್ಲಿ ಬಿಡುವವರಲ್ಲ. ಬೆವರುತ್ತಾ, ನಡುವೆ ನೀರು ಕುಡಿಯುತ್ತಾ, ಕೊನೆಯ ತುತ್ತಿನವರೆಗೂ ನುಂಗಿದರು. ಮಂಜು ಬೆರಗಾಗಿಹೋದ. "ಭಾವ, ನಾನ್ ತಪ್ಪು ತಿಳ್ಕೊಂಡಿದ್ದೆ. ಅಕ್ಕಾ, ಇನ್ಮೇಲೆ ಅಪ್ಪ ಯಾವಾಗ ಬೇಕಾದ್ರೂ ಬಂದಿರ್ಲಿ" ಎಂದ. ಸುಮಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು, ಕೊಡಿಸಿದವನು ನಾನು.

ಕಾರು ಹತ್ತಿಸುವಾಗ ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬೈಯುವ ದನಿಯಲ್ಲಲ್ಲ, ಬೇಜಾರಿನ ದನಿಯಲ್ಲಿ, "ನಿಮ್ಮನ್ನ ನಂಬ್ಕಂಡು ಬ್ಯಾಡ ಅಂದಿದ್ದೆ ಕಣಳಿಯಂದ್ರೆ" ಎಂದರು. ಕಾರು ಹೊರಟಿತು.

"ಅಪ್ಪ ಏನೋ ಹೇಳಿದ್ರಲ್ಲ, ಏನಂತ್ರೀ?" ಎಂದು ಸುಮಾ ಕೇಳಿದಳು. "ಊಟ ಬಹಳ ಚೆನ್ನಾಗಿತ್ತು ಅಂದ್ರು" ಎಂದೆ. ಎಲ್ಲರಂತೆ ಆಗುವುದು ಒಂದು ಸಲ ಶುರುವಾಯಿತೆಂದರೆ ಎಷ್ಟು ಸಲೀಸು ನೋಡಿ.