ಮಾವನ ಹುಬ್ಬಿನ ಗಂಟು

ನಮ್ಮ ಸೋದರಮಾವ ಹುಟ್ಟಿದ್ದೇ ಹುಬ್ಬು ಗಂಟಿಕ್ಕಿಕೊಂಡು! ‘ನನ್ನಿಂದೇನರ ತಪ್ಪಾತೇನ್ರಿ?’ ಎಂದು ಸೂಲಗಿತ್ತಿ ಕೂಸಿಗೇ ಕೈಮುಗಿದಳಂತೆ. ಓದಲೆಂದು ಪುಣೆಯ ಅವರ ಮನೆಯಲ್ಲಿ ಆರು ವರ್ಷ ಇದ್ದ ನಾನು ಇದನ್ನು ಪೂರ್ತಿ ನಂಬುತ್ತೇನೆ. ಸಿಟ್ಟು ಬಂದರೂ ಗಂಟು, ಸಂತೋಷವಾದರೂ ಅದೇ ಗಂಟು. ಯಾವುದು ಯಾವುದೆಂದು ನಾನು ತಿಳಿಯುವುದಾದರೂ ಹೇಗೆ?

ಮಾವ ಧಾರವಾಡಕ್ಕೆ ಹೆಣ್ಣು ನೋಡಲು ಹೋದಾಗಲೂ ಅದೇ ಕತೆ. ಗಂಟು ಕಂಡ ಹುಡುಗಿಯ ತಂದೆ, “ಮನಸ್ಸಿಗೆ ಬರಲಿಲ್ಲ ಕಾಣಸ್ತದ” ಎಂದು ಎದ್ದೇ ಬಿಟ್ಟರು. ಒಳಗಿನಿಂದ ಹುಡುಗಿಯ ದನಿ ಬಂತು: “ಅಪ್ಪಾ, ಹಣಿ ನೋಡಬ್ಯಾಡ್ರಿ, ತಾಟ ನೋಡ್ರಿ. ಮೂರನೇ ಸಲ ಶಿರಾ ಹಾಕಿಸಿಕೊಂಡಾರ.” ಆ ಹುಡುಗಿಯೇ ನಮ್ಮ ಅತ್ತೆ.

ಏಳೆಂಟು ಬಿಡಾರಗಳಿದ್ದ ನಮ್ಮ ವಾಡೆಯಲ್ಲಿ ಇಂಗ್ಲಿಷ್ ಸರಿಯಾಗಿ ಬಲ್ಲವರು ಮಾವ ಒಬ್ಬರೇ. ಕೆಳಗಿನ ಮನೆಯ ವಿಜಾಪುರದ ಅಜ್ಜಿ ಒಮ್ಮೆ ತಮಗೆ ಬಂದ ತಂತಿ ತಂದು ಕೊಟ್ಟರು. ಮಾವ ಓದಿದರು, ಗಂಟಿಕ್ಕಿದರು. ಅಜ್ಜಿ ಎದೆ ಬಡಿದುಕೊಂಡು ಅಳತೊಡಗಿದರು. ಮಾವ ಸಾವಕಾಶವಾಗಿ, “ಅಳೂದು ಮುಗೀತೇನ್ರಿ? ಮೊಮ್ಮಗ ಹುಟ್ಯಾನ” ಎಂದರು. ಮುಂದೆ ತಂತಿ ಬಂದಾಗಲೆಲ್ಲ ಅಜ್ಜಿ ಅತ್ತೆಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮಾವನ ಹಣೆ ಓದಲು ಬರುತ್ತಿತ್ತು.

ನಾನು ಅಲ್ಲಿದ್ದ ಕೊನೆಯ ವರ್ಷ ಆ ಅತ್ತೆಗೇ ವಿಷಮಜ್ವರ ಬಂತು. ಹದಿನೆಂಟು ದಿನವಾದರೂ ಇಳಿಯಲಿಲ್ಲ. ಡಾಕ್ಟರು ದಿನಾ ಎರಡು ಸಲ ಬಂದು ನಾಡಿ ನೋಡಿ ಹೋಗುತ್ತಿದ್ದರು. ಮಾವ ಹಾಸಿಗೆಯ ಪಕ್ಕ ಕುಳಿತೇ ಇದ್ದರು. ಅವರ ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಅದನ್ನು ಕಂಡು ನನ್ನ ಜೀವ ಬಾಯಿಗೆ ಬಂತು.

ಅತ್ತೆಯೂ ಕಣ್ಣು ಬಿಟ್ಟು ನೋಡಿದರು. “ಹಣಿ ಯಾಕ್ರಿ ಹಿಂಗ? ಗಂಟ ಹಾಕ್ರಿ. ನೀವು ಹಿಂಗ ಕುಂತ್ರ ನನಗ ಭಾಳ ಅಂಜಿಕಿ ಬರ್ತದ.”

ಮಾವ ಪ್ರಯತ್ನಪಟ್ಟರು. ಹುಬ್ಬು ಕೂಡಲಿಲ್ಲ, ಕಣ್ಣು ತುಂಬಿತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. “ಇನ್ನು ಭಯವಿಲ್ಲ, ಗಂಜಿ ಕೊಡಿ” ಎಂದರು ಡಾಕ್ಟರು. ಗಂಜಿ ಕಾಯಿಸಿದವನು ನಾನು. ಬಿಸಿ ಎಷ್ಟಿದೆಯೆಂದು ಮಾವ ಮೊದಲು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಎರಡೂ ಹುಬ್ಬು ನಿಧಾನವಾಗಿ ಹತ್ತಿರ ಬಂದು ಗಂಟು ಬಿದ್ದವು.

“ಲೇ, ಉಪ್ಪಿನ ಡಬ್ಬಿನ ಸುರುವಿಯೇನು?”

ಅತ್ತೆ ಮಲಗಿದಲ್ಲಿಂದಲೇ ನಕ್ಕರು. “ಹಾಂ, ಇನ್ನ ನಾ ಬದುಕಿದೆ.”

ಆರು ವರ್ಷ ಆ ಗಂಟಿಗೆ ಹೆದರಿದ್ದ ನಾನು, ಅಂದು ಅದನ್ನು ಕಂಡು ಒಲೆಯ ಮುಂದೆ ಕುಳಿತು ಮನಸಾರೆ ಅತ್ತುಬಿಟ್ಟೆ.